0.92 ವೋಲ್ಟ್

ಮೂರು ಭಾನುವಾರ ಈ ಹಳೇ ಕಾರಿಗೇ ಹೋಯಿತು. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ 800 ಆರ್‌ಪಿಎಂ ಆಸುಪಾಸಿನಲ್ಲಿ ತೆಪ್ಪಗಿರಬೇಕು ಅಲ್ವಾ? ಇದು 1,500ರಲ್ಲೇ ನೇತಾಡುತ್ತಿತ್ತು. ರೇಸ್‌ಗೆ ಕರೆಯುತ್ತಿದ್ದೇನೆ ಅಂದುಕೊಂಡು ಪಕ್ಕದ ಆಟೋದವರು ನಗುತ್ತಿದ್ದರು.

ಮೊದಲು ಐಡಲ್ ವಾಲ್ವ್ (ಕಾಲು ತೆಗೆದಾಗ ಎಂಜಿನ್‌ಗೆ ಬೇಕಾದಷ್ಟೇ ಗಾಳಿ ಬಿಡುವ ಭಾಗ) ಬಿಚ್ಚಿದೆ. ಒಳಗೆ ಒಲೆಯ ಮಸಿಯಂಥ ಕಾರ್ಬನ್. ತೊಳೆದರೂ ಏನೂ ಬದಲಾಗಲಿಲ್ಲ. ವ್ಯಾಕ್ಯೂಮ್ ಪೈಪ್‌ಗಳೂ ಸರಿ ಇದ್ದವು. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಹೋಗಿರಬಹುದು ಎಂದು ಗೆಳೆಯ ಬೇರೆ ಹೆದರಿಸಿದ.

ಇವತ್ತು ಸುಮ್ನೆ ಮಲ್ಟಿಮೀಟರ್ ಹಿಡಿದು ಕೂತೆ. ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು ಎಷ್ಟು ತೆರೆದಿದೆ ಎಂದು ಇಸಿಯುಗೆ ಹೇಳುವ ಥ್ರಾಟಲ್ ಸೆನ್ಸರ್‌ಗೆ 5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಆಕ್ಸಿಲರೇಟರ್ ಮುಟ್ಟದಿದ್ದಾಗ ಸಿಗ್ನಲ್ ವೈರಿನಲ್ಲಿ ಹೆಚ್ಚುಕಮ್ಮಿ 0.5 ಇರಬೇಕು. ಇದ್ದದ್ದು 0.92! ಹೋದ ವರ್ಷ ಶೋಕಿಗೆ ದೊಡ್ಡ ಥ್ರಾಟಲ್ ಬಾಡಿ (ಆ ಬಾಗಿಲು ಇರುವ ಭಾಗ) ಹಾಕಿಸಿದ್ದೆ. ಅದರ ಮೇಲೆ ಸೆನ್ಸರ್ ಒಂಚೂರು ಓರೆಯಾಗಿ ಕೂತಿತ್ತು. ನಾನು ಕಾಲು ತೆಗೆದರೂ ಇಸಿಯು ಲೆಕ್ಕದಲ್ಲಿ ಕಾಲು ಇನ್ನೂ ಪೆಡಲ್ ಮೇಲೇ. ಐಡಲ್ ಹಿಡಿಯುವ ಗೋಜಿಗೇ ಅದು ಹೋಗುತ್ತಿರಲಿಲ್ಲ.

ಮಜಾ ಏನೆಂದರೆ, ಕಾರಿನ ಜೊತೆ ಬಂದಿದ್ದನ್ನೆಲ್ಲ ಅನುಮಾನಿಸಿದ್ದೆ. ನಾನೇ ಹಾಕಿಸಿದ್ದರ ಕಡೆ ಮಾತ್ರ ತಿರುಗಿಯೂ ನೋಡಿರಲಿಲ್ಲ.

ಸ್ಕ್ರೂ ತೂತುಗಳನ್ನು ಅರದಿಂದ ಸ್ವಲ್ಪ ಉಜ್ಜಿ, ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿದೆ. 0.51. ಎಂಜಿನ್ ಬೆಕ್ಕಿನ ಹಾಗೆ ಗುರ್ ಅಂತ ಕೂತಿತು. ಖರ್ಚು ಒಂದು ಪೈಸೆ ಇಲ್ಲ. ಪೆಡಲ್ ನಿಧಾನಕ್ಕೆ ಒತ್ತಿದಾಗ ಮಧ್ಯೆ ಒಂದು ಕಡೆ ವೋಲ್ಟ್ ಥಟ್ಟನೆ ಬೀಳುತ್ತದೆ, ಸೆನ್ಸರ್ ಒಳಗಿನ ಟ್ರ್ಯಾಕ್ ಸವೆದಿರಬೇಕು. ಅದು ಮುಂದಿನ ಭಾನುವಾರಕ್ಕೆ.