ಗ್ಯಾಸು ಅಲ್ಲ ಚಿಕ್ಕಪ್ಪ

"ಅತ್ತಿಗೆಗೆ ದಿನಾ ಒಂದು ನೋವು ಇದ್ದಿದ್ದೇ. ಗ್ಯಾಸು. ಒಂದು ಸೋಡ ತಂದುಕೊಡಿ."

ಪೇಪರಿನಿಂದ ತಲೆಯನ್ನೂ ಎತ್ತದೆ ಚಿಕ್ಕಪ್ಪ ಹೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಒಳ್ಳೆಯ ಮನುಷ್ಯ, ಆದರೆ ಎಲ್ಲರ ಕಾಯಿಲೆಗೂ ಅವರ ಹತ್ತಿರ ಉತ್ತರ ರೆಡಿ.

ದೊಡ್ಡಮ್ಮನಿಗೆ ಎದೆನೋವು ಇರಲಿಲ್ಲ. ಬೆನ್ನು ಹಿಡಿದಿತ್ತು, ವಾಕರಿಕೆ, ಸೆರಗು ನೆನೆಯುವಷ್ಟು ಬೆವರು. ಸಕ್ಕರೆ ಕಾಯಿಲೆಯವರಿಗೆ, ಅದರಲ್ಲೂ ಹೆಂಗಸರಿಗೆ, ಹಾರ್ಟ್ ಅಟ್ಯಾಕ್ ಹೀಗೂ ಬರುತ್ತದೆ. ಅಕ್ಕ ಹಟ ಹಿಡಿದಳು, ಮಧುಗಿರಿ ಆಸ್ಪತ್ರೆಗೆ ಕರೆತಂದೆವು.

ಇಸಿಜಿ ನೋಡಿದ ಡ್ಯೂಟಿ ಡಾಕ್ಟರ್, "ಎಲ್ಲೂ ಏರಿಲ್ಲವಲ್ಲ" ಅಂದರು. ಗೆರೆಯಲ್ಲಿ ಎಸ್‌ಟಿ ಅನ್ನುವ ಭಾಗ ಮೇಲೇರಿದೆಯಾ ಅಂತಲೇ ಮೊದಲು ನೋಡುವುದು. ಇಲ್ಲಿ ಅದು ಕೆಳಗಿಳಿದಿತ್ತು. ಆದರೆ ಅದೇ ಇಸಿಜಿ ಓದಿದ ಎಐ ಅನುಮಾನ ತೋರಿಸಿತ್ತು. ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಹೃದಯ ತಜ್ಞರ ಫೋನು: "ಬೆನ್ನಿಗೂ ಲೀಡ್ ಹಾಕಿ ನೋಡಿ." ಲೀಡ್ ಅಂದರೆ ಇಸಿಜಿಗೆ ಮೈಗೆ ಅಂಟಿಸುವ ವೈರು.

ಹೃದಯದ ಹಿಂಭಾಗಕ್ಕೆ ಏಟು ಬಿದ್ದರೆ ಎದೆಯ ಕಡೆಯಿಂದ ಅದು ತಲೆಕೆಳಗಾಗಿ ಕಾಣುತ್ತದಂತೆ. ಬೆನ್ನಿಗೆ ಹಾಕಿದ ಲೀಡಿನಲ್ಲಿ ಗೆರೆ ಏರಿತ್ತು. ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಟ್ಟರು, ದುಡ್ಡು ಕೇಳಲಿಲ್ಲ. 2021ರಲ್ಲಿ 46ನೇ ವಯಸ್ಸಿಗೇ ಹೋದ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಅದು. ಆಮೇಲೆ ಆಂಬುಲೆನ್ಸು, ಜಯದೇವ ಆಸ್ಪತ್ರೆ, ಸ್ಟೆಂಟು.

ಎಐ ಬುದ್ಧಿವಂತಿಕೆಗಿಂತ ಜಾಸ್ತಿ ನನಗೆ ಹಿಡಿಸಿದ್ದು ಅದಕ್ಕೆ ದೊಡ್ಡಮ್ಮ ಯಾರಂತ ಗೊತ್ತಿಲ್ಲದ್ದು. ದಿನಾ ಗೊಣಗುತ್ತಾರೆ, ಸೊಸೆ ಜೊತೆ ಸಿಟ್ಟಾದರೆ ಮಲಗಿಬಿಡುತ್ತಾರೆ, ಇದೆಲ್ಲ ಅದು ಕೇಳಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರ ನೋವಿಗಿಂತ ಮೊದಲು ಅವರ ಸ್ವಭಾವ ಕಾಣುತ್ತೆ, ಅಲ್ವಾ? ಹಾಗಂತ ಎಐಯನ್ನೇ ನಂಬಿ ಕೂರೋದೂ ಬೇಡ. ಏನೂ ಇಲ್ಲದವರಿಗೂ ಸುಮ್ನೆ ಗಾಬರಿ ಹುಟ್ಟಿಸಬಲ್ಲದು, ಅದಕ್ಕೇ ಡಾಕ್ಟರ್ ಕಣ್ಣು ಬೇಕು. ಮತ್ತೆ, ಹಟ ಹಿಡಿದು ಆಟೋ ಕರೆಯುವ ಒಬ್ಬ ಅಕ್ಕನೂ.

ಈಗ ಚಿಕ್ಕಪ್ಪ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ: "ಎಐ ಕಂಡುಹಿಡೀತು ಕಣ್ರಯ್ಯಾ!"

"ಅದಕ್ಕಿಂತ ಮೊದಲು ದೊಡ್ಡಮ್ಮನೇ ಹೇಳಿದ್ರಲ್ಲ ಚಿಕ್ಕಪ್ಪ" ಅಂದಳು ಅಕ್ಕ.

"ಅವರು ದಿನಾ ಹೇಳ್ತಾರಲ್ಲಮ್ಮ" ಅಂದರು ಚಿಕ್ಕಪ್ಪ.