ಹಾಟ್‌ಸಿಂಕ್ ಕಂಪ್ಲೀಟ್, ಆರ್ಡರ್ ಸೊನ್ನೆ

ಪಾಮ್ ಎಂ100 ಅನ್ನುವ ಅಂಗೈಯಗಲದ ಕಂಪ್ಯೂಟರ್ ಕೈಗೆ ಬಂದ ಹೊಸದರಲ್ಲಿ ನಮ್ಮ ಸೇಲ್ಸ್‌ಮನ್‌ಗಳು ಅದನ್ನು ಗಡಿಯಾರದ ಹಾಗೆ ಬಳಸುತ್ತಿದ್ದರು. ಅದರ ಮುಚ್ಚಳದಲ್ಲಿ ಒಂದು ಪುಟ್ಟ ಕಿಂಡಿ ಇತ್ತು. ಬಟನ್ ಒತ್ತಿದರೆ ಆ ಕಿಂಡಿಯಲ್ಲಿ ಟೈಮ್ ಕಾಣುತ್ತಿತ್ತು. ಅಂಗಡಿಯವರ ಎದುರಿಗೆ ಶರ್ಟಿನ ಜೇಬಿಂದ ತೆಗೆದು ಟೈಮ್ ನೋಡುವುದು, ಮತ್ತೆ ಒಳಗೆ ಹಾಕುವುದು. ಆರ್ಡರ್ ಮಾತ್ರ ಹಳೇ ಕಾರ್ಬನ್ ಬುಕ್ಕಿನಲ್ಲೇ. ಸಂಜೆ ಗೋಡೌನಿಗೆ ಬಂದು, ಬುಕ್ ನೋಡಿಕೊಂಡು, ಒಂದೊಂದಾಗಿ ಪಾಮ್‌ಗೆ ಹೊಡೆಯುತ್ತಿದ್ದರು. ಅಂದರೆ ಒಂದೇ ಆರ್ಡರ್ ಎರಡು ಸಲ ಬರೆದ ಹಾಗಾಯ್ತು.

ಇದು 2003ರ ಮಾತು. ಸೋಪು, ಪೇಸ್ಟು ಮಾರುವ ಒಂದು ಕಂಪನಿಯಲ್ಲಿ ನಾನು ಸಿಸ್ಟಮ್ಸ್ ನೋಡಿಕೊಳ್ಳುತ್ತಿದ್ದೆ. ದಾವಣಗೆರೆ ಕಡೆಯ ಸ್ಟಾಕಿಸ್ಟ್‌ಗಳನ್ನೆಲ್ಲ, ಅಂದರೆ ಕಂಪನಿ ಮಾಲನ್ನು ಅಂಗಡಿಗಳಿಗೆ ಹಂಚುವ ಸಗಟು ವ್ಯಾಪಾರಿಗಳನ್ನೆಲ್ಲ, ನನ್ನ ತಲೆಗೆ ಕಟ್ಟಿದ್ದರು. ಹೆಡ್ ಆಫೀಸಿನಲ್ಲಿ ಯಾರೋ ಪವರ್‌ಪಾಯಿಂಟ್ ತೋರಿಸಿದ್ದರು, ಅಂಗಡಿಯ ಕೌಂಟರ್ ಮುಂದೆ ನಿಂತೇ ಆರ್ಡರ್ ಬುಕ್ ಆಗಬೇಕು, ಸಂಜೆ ಸಿಂಕ್ ಆದರೆ, ಅಂದರೆ ಪಾಮ್‌ನಲ್ಲಿದ್ದದ್ದು ಕೇಬಲ್ ಮೂಲಕ ಕಂಪ್ಯೂಟರಿಗೆ ಹೋದರೆ, ರಾತ್ರಿಯೇ ಬಿಲ್ಲಿಂಗ್, ಬೆಳಿಗ್ಗೆ ಗಾಡಿ ಲೋಡಿಂಗ್ ಅಂತ. ಐಡಿಯಾ ಚೆನ್ನಾಗೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪವರ್‌ಪಾಯಿಂಟ್‌ನಲ್ಲಿ ಎರಡು ಸಣ್ಣ ಬ್ಯಾಟರಿ ಸೆಲ್ಲಿನ ವಿಷಯ ಇರಲಿಲ್ಲ.

ಎಂ100 ಓಡುತ್ತಿದ್ದುದು ರಿಮೋಟಿಗೆ ಹಾಕುವಂಥ ಎರಡು ಎಎಎ ಸೆಲ್ ಮೇಲೆ. ಮೆಮರಿ ಬರೀ 2 ಎಂಬಿ, ಅದೂ ರ‍್ಯಾಮ್. ಸೆಲ್ ಪೂರ್ತಿ ಸತ್ತರೆ ಒಳಗಿನದ್ದೆಲ್ಲ ಮಾಯ: ಅಂಗಡಿ ಲಿಸ್ಟ್, ರೇಟ್ ಲಿಸ್ಟ್, ಆರ್ಡರ್, ನಮ್ಮ ಪ್ರೋಗ್ರಾಂ ಕೂಡ. ಸೆಲ್ ಬದಲಿಸುವಾಗಲೂ ಸುಮಾರು ಒಂದು ನಿಮಿಷದೊಳಗೆ ಹೊಸದು ಹಾಕಿಬಿಡಬೇಕು. ಹುಡುಗರು ಕಂಪನಿ ಕೊಟ್ಟ ಆಲ್ಕಲೈನ್ ಸೆಲ್ಲನ್ನು ಮನೆಯ ಟಿವಿ ರಿಮೋಟಿಗೆ ಹಾಕಿ, ಪಾಮ್‌ಗೆ ಬೀದಿಯಲ್ಲಿ ಸಿಗುವ ಅಗ್ಗದ ಸೆಲ್ ಹಾಕುತ್ತಿದ್ದರು. ಬೈದು ಪ್ರಯೋಜನ ಇರಲಿಲ್ಲ, ಯಾಕೆಂದರೆ ನಮ್ಮ ಅಕೌಂಟ್ಸ್‌ನವರು ಸೆಲ್ಲಿನ ಬಿಲ್ ಪಾಸ್ ಮಾಡುವುದಕ್ಕೆ ಎಎಸ್‌ಎಂ (ಏರಿಯಾ ಸೇಲ್ಸ್ ಮ್ಯಾನೇಜರ್) ಸಹಿ ಕೇಳುತ್ತಿದ್ದರು. ಎರಡು ಸೆಲ್ಲಿಗೆ!

ಗ್ರಾಫಿಟಿ, ಅಂದರೆ ಪಾಮ್‌ನಲ್ಲಿ ಕಡ್ಡಿಯಿಂದ ಅಕ್ಷರ ಗೀಚುವ ರೀತಿ, ಇನ್ನೊಂದು ತಲೆನೋವು. ಪರದೆಯ ಕೆಳಗಿನ ಚೌಕದಲ್ಲಿ ಎಡಗಡೆ ಅಕ್ಷರ, ಬಲಗಡೆ ಅಂಕಿ. ಇಂಗ್ಲಿಷಿನ 'ಎ' ಬರೆಯಬೇಕಾದರೆ ನಡುವಿನ ಅಡ್ಡಗೆರೆ ಹಾಕಬಾರದು, ಬರೀ ಗುಡ್ಡದ ಆಕಾರ ಎಳೆಯಬೇಕು. ಅಂಕಿಗಳನ್ನು ಎಲ್ಲರೂ ಬೇಗ ಕಲಿತರು, ದಿನಾ ಡಜನ್ ಲೆಕ್ಕ ಹೊಡೆಯಬೇಕಲ್ವಾ. ಸ್ಟೈಲಸ್ ಕಳೆದುಹೋದ ಮೇಲೆ ಬಾಲ್ ಪೆನ್ನಿನ ಕ್ಯಾಪಿನಲ್ಲಿ ತಿಕ್ಕುತ್ತಿದ್ದರು. ಆ ಚೌಕ ಗೀಚಿ ಗೀಚಿ ಹಾಳಾಗುತ್ತಿತ್ತು, ಅದಕ್ಕೆ ನಾನು ಸೆಲ್ಲೋಟೇಪ್ ಅಂಟಿಸಿ ಕೊಡುತ್ತಿದ್ದೆ. ನನ್ನ ಇಂಜಿನಿಯರಿಂಗ್ ಡಿಗ್ರಿಯ ಸದುಪಯೋಗ ಆಗ ಹೆಚ್ಚಾಗಿ ಹೀಗೇ ಆಗುತ್ತಿತ್ತು.

ಎರಡೆರಡು ಸಲ ಬರೆಯುವುದು ನಿಲ್ಲಲಿ ಅಂತ ನಾನೊಂದು ಘನಂದಾರಿ ಕೆಲಸ ಮಾಡಿದೆ. ಎಲ್ಲರ ಕಾರ್ಬನ್ ಬುಕ್ ಕಿತ್ತುಕೊಂಡು ಗೋಡೌನಿನ ಗಾಡ್ರೆಜ್ ಬೀರುವಿನಲ್ಲಿ ಬೀಗ ಹಾಕಿಟ್ಟೆ. ಮಂಡಿಪೇಟೆ ಬೀಟ್, ಅಂದರೆ ಆ ಕಡೆಯ ಅಂಗಡಿಗಳನ್ನು, ನೋಡುವ ಅಣ್ಣ ಒಬ್ಬರಿದ್ದರು, ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಅಂಗಡಿ ಸುತ್ತಿ ಲೈನ್ ಮಾಡಿದವರು. ಅವರು ಒಂದೇ ಮಾತು ಹೇಳಿದರು. "ಸರ್, ಇದು ಹೋದ್ರೆ ಏನ್ ಮಾಡಾಣ?" ನಾನು ನಕ್ಕೆ. "ಅಣ್ಣ, ಸಂಜೆ ಸಿಂಕ್ ಆದ್ರೆ ಎಲ್ಲಾ ಕಂಪ್ಯೂಟರಿನಲ್ಲಿ ಇರುತ್ತೆ" ಅಂದೆ. ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲಿರುತ್ತೆ ಅಂತ ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮಾರ್ಚ್ 31, ಸೋಮವಾರ. ಇಯರ್ ಎಂಡ್ ಕ್ಲೋಸಿಂಗ್. ಬೆಳಿಗ್ಗೆ ಅಣ್ಣ ಪಾಮ್ ತಂದು ಟೇಬಲ್ ಮೇಲಿಟ್ಟರು. ಹೊಸ ಸೆಲ್ ಹಾಕಿ ಆನ್ ಮಾಡಿದರೆ ಪರದೆಯ ಮೇಲೆ ಗುರಿ ಚಿಹ್ನೆ, ಇದರ ನಡುವೆ ಒತ್ತಿ ಅಂತ. ಹೊಸ ಮಷೀನ್ ಡಬ್ಬದಿಂದ ತೆಗೆದಾಗ ಬರುವ ಸ್ಕ್ರೀನ್ ಅದು. ಭಾನುವಾರ ಸೆಲ್ ಸತ್ತಿದೆ, ಎಲ್ಲಾ ಒರೆಸಿಹೋಗಿದೆ. ಶನಿವಾರದ ಆರ್ಡರ್ ಆಗಲೇ ಸಿಂಕ್ ಆಗಿದ್ದರಿಂದ ಗಾಬರಿ ಏನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಸಿಂಕ್ ಮಾಡುವ ಹಾಟ್‌ಸಿಂಕ್ ಮ್ಯಾನೇಜರ್ ಪ್ರೋಗ್ರಾಂ ತೆಗೆದು, ಕಸ್ಟಮ್‌ಗೆ ಹೋಗಿ, ಅಣ್ಣನ ಹೆಸರು ಆರಿಸಿ, ನಮ್ಮ ಆರ್ಡರ್ ಪ್ರೋಗ್ರಾಂ ಮುಂದೆ 'ಡೆಸ್ಕ್‌ಟಾಪ್ ಓವರ್‌ರೈಟ್ಸ್ ಹ್ಯಾಂಡ್‌ಹೆಲ್ಡ್' ಹಾಕಿದೆ. ಕಂಪ್ಯೂಟರಿನಲ್ಲಿ ಇರುವುದೇ ಸರಿ, ಪಾಮ್‌ನಲ್ಲಿ ಏನಿದ್ದರೂ ಅಳಿಸಿ ಇದನ್ನು ತುಂಬು ಅಂತ ಅದಕ್ಕೆ ಹೇಳುವ ರೀತಿ ಅದು. ಖಾಲಿ ಪಾಮ್‌ಗೆ ಅದೇ ಸರಿ.

ಸಿಂಕ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯ್ತು. ಯುಪಿಎಸ್ ಕುಯ್ಯೋ ಅಂದು ಕೈ ಎತ್ತಿತು. ಕರೆಂಟ್ ಬಂದ ಮೇಲೆ ಮತ್ತೆ ಶುರು ಮಾಡಿದೆ. ಈ ಸೆಟ್ಟಿಂಗ್ ಮುಂದಿನ ಒಂದು ಸಿಂಕಿಗೆ ಮಾತ್ರ ಇರುತ್ತೆ, ಆಮೇಲೆ ತಾನಾಗಿ ಮಾಮೂಲಿಗೆ ವಾಪಸ್ಸು. ಮತ್ತೆ ಕರೆಂಟ್ ಹೋದರೆ ಮತ್ತೆ ಯಾಕೆ ಒದ್ದಾಡಬೇಕು ಅಂತ ಪಕ್ಕದಲ್ಲಿದ್ದ 'ಸೆಟ್ ಆ್ಯಸ್ ಡಿಫಾಲ್ಟ್' ಗುಂಡಿಯನ್ನೂ ಒತ್ತಿದೆ. ಸಿಂಕ್ ಆಯ್ತು. ಅಣ್ಣ ಪಾಮ್ ಜೇಬಿಗೆ ಹಾಕಿಕೊಂಡು ಟಿವಿಎಸ್ ಹತ್ತಿ ಹೊರಟರು. ನಾನು ಟೀ ಕುಡಿಯಲು ಹೋದೆ.

ಆ ದಿನ ಅಣ್ಣ ಭರ್ಜರಿ ಬುಕಿಂಗ್ ಮಾಡಿದ್ದರು. ಏಪ್ರಿಲ್‌ನಿಂದ ಸ್ಕೀಮ್ (ಕಂಪನಿ ಕೊಡುವ ರಿಯಾಯ್ತಿ) ಬದಲಾಗುತ್ತೆ ಅಂತ ಅಂಗಡಿಯವರೆಲ್ಲ ಕೇಸ್ ಲೆಕ್ಕದಲ್ಲಿ ಎತ್ತಿದ್ದರು. ಸಂಜೆ ಗೋಡೌನಿನಲ್ಲಿ ಇದ್ದುದು ಒಂದೇ ಸೀರಿಯಲ್ ಕೇಬಲ್. ಅದಕ್ಕೆ ರೇಷನ್ ಅಂಗಡಿ ಮುಂದಿನ ಹಾಗೆ ಸಾಲು. ಅಣ್ಣನ ಸರದಿ ಬಂತು. ಕೇಬಲ್ ಸಿಕ್ಕಿಸಿ ಐಕಾನ್ ಒತ್ತಿದೆ. ಏರುವ ದನಿಯಲ್ಲಿ ಆ ಟಿಣ್ ಟಿಣ್ ಬಂತು. ಅಷ್ಟು ಆರ್ಡರ್ ಮೇಲೆ ಹೋಗಬೇಕಾದರೆ ಸ್ವಲ್ಪ ಹೊತ್ತು ಹಿಡಿಯಬೇಕು. ಅಣ್ಣ ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಇದ್ದರು, ಒರೆಸಿ ಮುಗಿಯುವುದರೊಳಗೆ ಸಿಂಕ್ ಮುಗಿದೇಹೋಯ್ತು.

ಇವತ್ತು ಏನೋ ಫಾಸ್ಟ್ ಇದೆ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ.

ಬಿಲ್ಲಿಂಗ್ ಹುಡುಗ ಆ ಕಡೆಯಿಂದ ಕೂಗಿದ. "ಸರ್, ಮಂಡಿಪೇಟೆ ಸೊನ್ನೆ ತೋರಿಸ್ತಾ ಇದೆ." ರಿಫ್ರೆಶ್ ಮಾಡು ಅಂದೆ. ಮಾಡಿದ. ಸೊನ್ನೆ. ಪಾಮ್ ನೋಡಿದೆ. ಅಂಗಡಿ ಲಿಸ್ಟ್ ಇದೆ, ರೇಟ್ ಇದೆ, ಇವತ್ತಿನ ಆರ್ಡರ್ ಪೇಜ್ ಬಿಳಿ. ಆಗ ನನ್ನ ಕಣ್ಣ ಮುಂದೆ ಬೆಳಿಗ್ಗೆ ಒತ್ತಿದ ಆ ಗುಂಡಿ ಬಂತು. ಹೊಟ್ಟೆ ತೊಳಸಿದ ಹಾಗಾಯ್ತು. ಆದರೂ ಕೈ ಸುಮ್ನಿರಲಿಲ್ಲ. ಸೆಟ್ಟಿಂಗ್ ಮಾಮೂಲಿಗೆ ತಂದು ಇನ್ನೊಮ್ಮೆ ಸಿಂಕ್ ಮಾಡಿದೆ, ಏನೋ ಪವಾಡ ಆಗಲಿ ಅಂತ. ಪಾಮ್ ತೆಗೆದು ಆಫ್ ಮಾಡಿ ಆನ್ ಮಾಡಿದೆ. ಬ್ಯಾಕಪ್ ಫೋಲ್ಡರ್ ತೆಗೆದೆ, ಅದರಲ್ಲೂ ಬೆಳಿಗ್ಗೆಯದ್ದೇ. ಹಾಟ್‌ಸಿಂಕ್ ಲಾಗ್ ತೆಗೆದು ನೋಡಿದರೆ ಎಲ್ಲಾ ಸಾಲಿನ ಮುಂದೆ ಓಕೆ, ಓಕೆ, ಓಕೆ. ಅದರ ಪ್ರಕಾರ ತಪ್ಪು ಏನೂ ಆಗಿಲ್ಲ. ನಾನು ಹೇಳಿದ್ದನ್ನೇ ಅದು ಮಾಡಿದೆ.

ಅಷ್ಟರಲ್ಲಿ ಎಎಸ್‌ಎಂ ಫೋನ್. ಮಾರಾಟದ ಫಿಗರ್ ಎಲ್ಲಿ ಅಂತ. "ಸರ್, ಮೋಡೆಮ್ ಲೈನ್ ಸಿಗ್ತಾ ಇಲ್ಲ, ಟ್ರೈ ಮಾಡ್ತಾ ಇದೀನಿ" ಅಂದೆ. ನಮ್ಮ ಡಯಲ್‌ಅಪ್ ಬಗ್ಗೆ ಯಾವ ಸುಳ್ಳು ಹೇಳಿದರೂ ನಂಬುತ್ತಿದ್ದರು, ಅದೊಂದು ಅನುಕೂಲ. ಗೋಡೌನಿನ ಸಾವ್ಕಾರ್ರು, ಅಂದರೆ ಸ್ಟಾಕಿಸ್ಟ್, ಗಲ್ಲಾಪೆಟ್ಟಿಗೆ ಹತ್ತಿರ ಕೂತು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು, ಮಾತಾಡಲಿಲ್ಲ.

ಅಣ್ಣ ಕೇಳಿದರು, "ಹೋಯ್ತಾ ಸರ್?"

"ಹೋಯ್ತು ಅಣ್ಣ."

ಬೈಯುತ್ತಾರೆ ಅಂದುಕೊಂಡೆ. ಅವರು ಒಂದು ಸೋಪಿನ ಕಾರ್ಟನ್ ಎಳೆದುಕೊಂಡು ಕೂತರು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. "ಮೂಲೆ ಅಂಗಡಿಯಿಂದ ಶುರು ಮಾಡಾಣ, ಬರ್ಕಳಿ" ಅಂದರು. ಆಮೇಲೆ ನೋಡಿ, ಕಣ್ಣು ಅರ್ಧ ಮುಚ್ಚಿಕೊಂಡು ಮಂಡಿಪೇಟೆಯಿಂದ ಚೌಕಿಪೇಟೆಗೆ ನಡೆದೇಬಿಟ್ಟರು. "ಇಲ್ಲಿ ಸಣ್ಣ ಸೋಪು ಎರಡು ಕೇಸು, ಪೇಸ್ಟು ಬ್ಯಾಡ ಅಂದ. ಪಕ್ಕದ್ದು ಬಾಗಿಲು ಹಾಕಿತ್ತು. ಎದುರಿನವನು ಹಳೇ ಬಾಕಿ ಕೊಡಲಿಲ್ಲ, ಅವನಿಗೆ ಒಂದೇ ಕೇಸು ಹಾಕೀನಿ." ನಡುವೆ ಯಾರಾದರೂ ಮಾತಾಡಿಸಿದರೆ ಹಿಂದಿನ ಅಂಗಡಿಗೆ ಹೋಗಿ ಮತ್ತೆ ಮುಂದೆ ಬರುತ್ತಿದ್ದರು. ಬಿಡಿ ಅಂಗಡಿ ಹೆಸರು ಕೇಳಿದರೆ ತಡವರಿಸುತ್ತಿದ್ದರು, ಬೀದಿ ಹಿಡಿದು ಹೋದರೆ ಒಂದೂ ತಪ್ಪುತ್ತಿರಲಿಲ್ಲ.

ತಪ್ಪಿದ್ದು ನನ್ನ ಕಡೆ. ಪಾಮ್‌ನ ಪರದೆ 160ಕ್ಕೆ 160 ಚುಕ್ಕಿಯದು. ಅದರಲ್ಲಿ ಹೆಸರು ಹಿಡಿಸಲಿ ಅಂತ ಅಂಗಡಿ ಲಿಸ್ಟನ್ನೆಲ್ಲ ನಾನೇ ಇಂಗ್ಲಿಷಿನಲ್ಲಿ ಮೊಟಕು ಮಾಡಿದ್ದೆ. ಆ ಬೀಟ್‌ನಲ್ಲಿ ಮಂಜುನಾಥನ ಹೆಸರಿನ ಅಂಗಡಿ ಎಷ್ಟೋ ಇದ್ದವು. ಎಲ್ಲವೂ ನನ್ನ ಲಿಸ್ಟಿನಲ್ಲಿ ಒಂದೇ ಥರ ಕಾಣುತ್ತಿದ್ದವು. ಅಣ್ಣನಿಗೆ ಆ ಲಿಸ್ಟ್ ಓದುವ ಅಗತ್ಯವೇ ಇರಲಿಲ್ಲ, ಎಷ್ಟನೆಯದು ಅಂತ ಬೆರಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಕಾಳಿಕಾದೇವಿ ರಸ್ತೆಯ ಮಂಜುನಾಥನ ಡಿಟರ್ಜೆಂಟ್ ಪೂರ್ತಿ ಚೌಕಿಪೇಟೆಯ ಮಂಜುನಾಥನಿಗೆ ಬಿಲ್ ಮಾಡಿದೆ. ಮರುದಿನ ಗಾಡಿ ಹೋದಾಗ ಚೌಕಿಪೇಟೆಯವನು ಸ್ಕೀಮ್ ಸಮೇತ ಇಳಿಸಿಕೊಂಡು ಸುಮ್ನಾದ. ಆ ಸ್ಕೀಮ್ ಇನ್ನೊಬ್ಬನಿಗೆ ಕೊಡಿಸುವುದರೊಳಗೆ ನನಗೆ ಸಾಕಾಗಿಹೋಯ್ತು.

ಕನ್ನಡ ಪರದೆ ಇದ್ದಿದ್ದರೆ ಅಂತ ಆಗ ಬಹಳ ಅನಿಸುತ್ತಿತ್ತು. ಬೆಂಗಳೂರಿನಲ್ಲೇ ಐಐಎಸ್‌ಸಿಯ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯ ಇಂಜಿನಿಯರ್‌ಗಳು ಸೇರಿ ಸಿಂಪ್ಯೂಟರ್ ಮಾಡಿದ್ದರು. ಲಿನಕ್ಸ್ ಮೇಲೆ ಓಡುವ ಕೈಗಾತ್ರದ ಕಂಪ್ಯೂಟರ್, ಒಂದೇ ಮಷೀನನ್ನು ಹಲವರು ಹಂಚಿಕೊಳ್ಳಲಿ ಅಂತ ಸ್ಮಾರ್ಟ್ ಕಾರ್ಡ್ ಇಡುವ ಜಾಗ, ನಮ್ಮ ಭಾಷೆಗಳಿಗೆ ಬೆಂಬಲ. 2001ರಿಂದ ಪೇಪರಿನಲ್ಲಿ ಓದುತ್ತಲೇ ಇದ್ದೆವು. ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿದ್ದು 2004ರಲ್ಲಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ, ವಾಲಿಸಿದರೆ ಅದಕ್ಕೆ ಗೊತ್ತಾಗುತ್ತಿತ್ತು, ಐಫೋನ್ ಇನ್ನೂ ಹುಟ್ಟೇ ಇರಲಿಲ್ಲ ಆಗ. ಒಂದು ತರಿಸಿ ನೋಡೋಣ ಅಂತ ಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಸೆಲ್ಲಿಗೆ ಎಎಸ್‌ಎಂ ಸಹಿ ಕೇಳುವವರು ಇದಕ್ಕೆ ಏನು ಹೇಳಿಯಾರು!

ಆ ರಾತ್ರಿ ಫಿಗರ್ ಬೆಂಗಳೂರಿಗೆ ಹೋದಾಗ ಹೋಟೆಲುಗಳೆಲ್ಲ ಮುಚ್ಚಿದ್ದವು. ಮರುದಿನ ಬೀರುವಿನ ಬೀಗ ತೆಗೆದು ಕಾರ್ಬನ್ ಬುಕ್ ವಾಪಸ್ ಕೊಟ್ಟೆ. ಹೆಡ್ ಆಫೀಸಿನವರು ಬಂದಾಗ ಮಾತ್ರ ಜೇಬಿಂದ ತೆಗೆಯಬೇಡಿ ಅಂತ ಹೇಳಿದೆ. ಸೆಲ್ ಪ್ರತಿ ಸೋಮವಾರ ನಾನೇ ಬದಲಿಸಿ ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೆ, ಆ ದುಡ್ಡನ್ನು ಸ್ಟೇಷನರಿ ಖರ್ಚಿನಲ್ಲಿ ಸೇರಿಸಿದೆ. ಸಿಂಕ್‌ಗೆ ಮುಂಚೆ ಪಾಮ್‌ನಲ್ಲಿ ಕಾಣುವ ಒಟ್ಟು ಮೊತ್ತವನ್ನು ಸೇಲ್ಸ್‌ಮನ್ ಬಾಯಲ್ಲಿ ಹೇಳಬೇಕು, ಸಿಂಕ್ ಆದ ಮೇಲೆ ಬಿಲ್ಲಿಂಗ್ ಹುಡುಗ ಅದನ್ನೇ ತಿರುಗಿ ಹೇಳಬೇಕು. ಎರಡೂ ಒಂದೇ ಇದ್ದರೆ ಮಾತ್ರ ಕೇಬಲ್ ಕಿತ್ತು ಮುಂದಿನವರಿಗೆ. 'ಸೆಟ್ ಆ್ಯಸ್ ಡಿಫಾಲ್ಟ್' ಬಗ್ಗೆ ಮಾನಿಟರ್ ಮೇಲೆ ಒಂದು ಚೀಟಿ ಅಂಟಿಸಿದೆ, ಅದರ ಭಾಷೆ ಇಲ್ಲಿ ಬರೆಯುವ ಹಾಗಿಲ್ಲ. ನನಗೇ ಬರೆದುಕೊಂಡದ್ದು.

ಪಾಮ್ ಮೇಲೆ ನನಗೆ ಸಿಟ್ಟಿಲ್ಲ. ಒತ್ತಿದ ತಕ್ಷಣ ಆನ್ ಆಗುತ್ತಿತ್ತು, ಬಿಸಿಲಿನಲ್ಲೂ ಪರದೆ ಓದಬಹುದಿತ್ತು, ಒಳ್ಳೆ ಸೆಲ್ ಹಾಕಿದರೆ ವಾರಗಟ್ಟಲೆ ಬರುತ್ತಿತ್ತು. ಆಮೇಲೆ ಮ್ಯಾನೇಜ್‌ಮೆಂಟ್ ಕಲರ್ ಸ್ಕ್ರೀನಿನ ಪಾಕೆಟ್ ಪಿಸಿ ತಂದಿತು. ಮಧ್ಯಾಹ್ನ ಊಟದ ಹೊತ್ತಿಗೇ ಅದಕ್ಕೆ ಚಾರ್ಜರ್ ಬೇಕು, ಚಾರ್ಜ್ ಪೂರ್ತಿ ಇಳಿದರೆ ಅದೂ ಎಲ್ಲವನ್ನೂ ಮರೆಯುತ್ತಿತ್ತು. 2005ರಲ್ಲಿ ಪಾಕೆಟ್ ಪಿಸಿಗಳ ಹೊಸ ಸಾಫ್ಟ್‌ವೇರ್ ವಿಂಡೋಸ್ ಮೊಬೈಲ್ 5 ಬಂದ ಮೇಲಷ್ಟೇ ಆ ಕಾಟ ತಪ್ಪಿದ್ದು. ನಮ್ಮ ಕೈಯಲ್ಲಿದ್ದ ಹಳೇ ಪೀಸುಗಳಿಗೆ ಆ ಭಾಗ್ಯವೂ ಇರಲಿಲ್ಲ.

ಈಗ ನಾನಿರುವ ಕಂಪನಿಯಲ್ಲಿ ಎಲ್ಲಾ ಆ್ಯಂಡ್ರಾಯ್ಡ್ ಫೋನ್. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಆರ್ಡರ್ ಫೋನಿನಲ್ಲೇ ಕೂತಿರುತ್ತೆ, ಪೆಂಡಿಂಗ್ ಅಂತ ತೋರಿಸುತ್ತಾ. ಆ್ಯಪ್ ಹ್ಯಾಂಗ್ ಆಗಿದೆ ಅಂತ ಹುಡುಗರು ಫೋನ್ ಮಾಡಿದರೆ ನಮ್ಮ ಹೆಲ್ಪ್‌ಡೆಸ್ಕ್ ಮೊದಲು ಹೇಳುವುದು "ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹಾಕಿ" ಅಂತ. ಪೆಂಡಿಂಗ್ ಇದ್ದದ್ದು ಅಲ್ಲಿಗೆ ಗೋವಿಂದ. ಪೆಂಡಿಂಗ್ ಎಷ್ಟಿದೆ ಅಂತ ಮೊದಲು ಕೇಳಿ ಅಂತ ಅವರ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದ್ದೆ. ಕಾಲ್ ಟೈಮ್ ಜಾಸ್ತಿ ಆಗುತ್ತೆ ಅಂತ ಕಳೆದ ರಿವ್ಯೂನಲ್ಲಿ ಅದನ್ನು ತೆಗೆದುಹಾಕಿದರು. ನಾನು ಮತ್ತೆ ಸೇರಿಸಿದ್ದೇನೆ, ಈ ಸಲ ಯಾರಿಗೂ ಹೇಳಿಲ್ಲ.