ದುತಾರ್ ಕೆಲಸ: ರೇಷ್ಮೆ ತಂತಿ ಕೊನೆಗೂ ಹತೋಟಿಗೆ ಬಂತು

ಆಯ್ತು! ಮಧ್ಯ ಏಷ್ಯಾದ ಎರಡು ತಂತಿಯ, ಉದ್ದ ದಂಡಿಯ ವಾದ್ಯ ದುತಾರ್‌ಗೆ ಕಟ್ಟಿದ ರೇಷ್ಮೆ ತಂತಿ ಶ್ರುತಿ ಬಿಟ್ಟು ಜಾರುವುದನ್ನು ನಿಲ್ಲಿಸಿದೆ. ಬುರುಡೆಗೆ ಹಲಸಿನ ಪಟ್ಟಿ ಬಗ್ಗಿಸಿದ್ದು, ದಂಡಿ ಕೂರಿಸಿದ್ದು, ಮೆಟ್ಟಿಲು ಕಟ್ಟಿದ್ದು ಎಲ್ಲ ನಿಮಗೆ ಗೊತ್ತಿರುವ ಪಾಡೇ. ಅದನ್ನೆಲ್ಲ ಬಿಟ್ಟುಬಿಡುತ್ತೇನೆ. ಈ ಸಲ ಬರೀ ತಂತಿಯ ಪುರಾಣ.

‘ನೈಲಾನ್ ಹಾಕಿ ಮುಗಿಸು ಮಾರಾಯ’ ಅಂತ ಹೇಳದವರಿಲ್ಲ. ಹಾಕಿಯೂ ನೋಡಿದೆ. ನಾದ ಜಾಸ್ತಿ ಹೊತ್ತು ಉಳಿಯುತ್ತದೆ. ತೊಂದರೆಯೇ ಅದು. ನಾನು ಈ ವಾದ್ಯಕ್ಕೆ ಕೈ ಹಾಕಿದ್ದು ಮುನೋಜಾತ್ ಯುಲ್ಚಿಯೇವಾ ಹಾಡಿದ್ದನ್ನು ಕೇಳಿ. 1960ರಲ್ಲಿ ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯಲ್ಲಿ ಹುಟ್ಟಿದವರು. ತಾಷ್ಕೆಂಟ್ ಕನ್ಸರ್ವೇಟರಿಯಲ್ಲಿ ಕಲಿತವರು. ಗುರು ರುಬಾಬ್ ವಾದಕ ಶವ್ಕತ್ ಮಿರ್ಜಾಯೆವ್. 1994ರಲ್ಲಿ ಫ್ರಾನ್ಸ್‌ನ ಒಕೋರಾ ಹೊರತಂದ ಅವರ ಸಿಡಿ ನಿಮ್ಮಲ್ಲಿ ಹಲವರ ಹತ್ತಿರ ಇರಬೇಕು.

ಅವರು ಹಳೆಯ ಕವಿಗಳಾದ ನವಾಯಿಯದ್ದೋ ಮಶ್ರಬ್‌ನದ್ದೋ ಗಜಲ್ ಎತ್ತಿಕೊಂಡರೆ ಮೊದಲ ದ್ವಿಪದಿ ಕೆಳಗಿನ ಸ್ವರಗಳಲ್ಲೇ ಓಡಾಡುತ್ತದೆ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ. ಆಮೇಲೆ ದನಿ ಏರುತ್ತಾ ಹೋಗುತ್ತದೆ. ಕವಿತೆಯಲ್ಲಿ ಕರೆಯುತ್ತಿರುವುದು ನಲ್ಲನನ್ನೋ ದೇವರನ್ನೋ ಅಂತ ಸೂಫಿ ಕವಿಗಳು ಬಿಡಿಸಿ ಹೇಳುವುದೇ ಇಲ್ಲ. ಹಾಡು ತನ್ನ ತುದಿ ಮುಟ್ಟುವ ಜಾಗಕ್ಕೆ ಔಜ್ ಅನ್ನುತ್ತಾರೆ. ಅಲ್ಲಿ ದನಿ ಬಿಕ್ಕಿದಂತೆ ಅಲುಗುವ ಗಮಕವೇ ನೋಲಾ. ಆ ಹೊತ್ತಿಗೆ ಕೆಳಗೆ ದುತಾರ್ ಏನು ಮಾಡುತ್ತಿರುತ್ತದೆ ಅಂತ ಹೆಡ್‌ಫೋನ್ ಹಾಕಿ ಕೇಳಿ. ರೇಷ್ಮೆ ತಂತಿಯ ನಾದ ಮೀಟಿದ ಕೂಡಲೇ ಸಾಯುತ್ತದೆ, ಗಾಯಕಿಯ ದನಿ ಒಂಟಿಯಾಗಿ ಮೇಲೆ ಉಳಿಯುತ್ತದೆ. ನೈಲಾನ್ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ, ಗುಂಯ್ ಅಂತ ಒಳಗೆ ಬಂದು ಕೂರುತ್ತದೆ. ತುರ್ಕ್‌ಮೆನ್ನರು ಉಕ್ಕಿನ ತಂತಿ ಹಾಕುತ್ತಾರೆ, ಅವರ ಸಂಗೀತಕ್ಕೆ ಅದು ಸರಿ. ನನಗೆ ಬೇಕಾದ್ದು ಅದಲ್ಲ.

ಸರಿ, ರೇಷ್ಮೆ ಸೀಮೆಯಲ್ಲೇ ಇದ್ದೇವಲ್ಲ, ನೂಲಿಗೇನು ಬರ ಅಂದುಕೊಂಡೆ. ಆನ್‌ಲೈನ್‌ನಲ್ಲಿ ‘ಕಚ್ಚಾ ರೇಷ್ಮೆ’ ಅಂತ ಮಾರುವ ಒಬ್ಬ ಪುಣ್ಯಾತ್ಮ ಕಳಿಸಿದ ಲಡಿ ಫಳಫಳ ಹೊಳೆಯುತ್ತಿತ್ತು. ಕೈಗೆ ಬೆಣ್ಣೆ. ಅಲ್ಲೇ ಅನುಮಾನ ಬಂತು. ಕಚ್ಚಾ ನೂಲು ಒರಟಾಗಿ, ಮಂಕಾಗಿ ಇರಬೇಕು ಅಲ್ವಾ? ಒಂದು ತುಂಡು ತೂಗಿ, ಸೋಪು ನೀರಲ್ಲಿ ಕುದಿಸಿ, ಒಣಗಿಸಿ ಮತ್ತೆ ತೂಗಿದೆ. ಕಚ್ಚಾ ನೂಲಾಗಿದ್ದರೆ ಅಂಟು ಕರಗಿ ಸುಮಾರು ಕಾಲು ಭಾಗ ತೂಕ ಇಳಿಯಬೇಕಿತ್ತು. ಇಳಿಯಲೇ ಇಲ್ಲ. ಬೇಯಿಸಿ ಅಂಟು ತೆಗೆದ ನೂಲನ್ನೇ ಕಚ್ಚಾ ಅಂತ ಕಳಿಸಿದ್ದ! ಕೇಳಿದರೆ ‘ಸರ್, ಸೀರೆಗೆ ಇದೇ ಬೆಸ್ಟ್’ ಅಂದ. ಸೀರೆ ಯಾರು ಕೇಳಿದರು ಸ್ವಾಮಿ? ಆ ನೂಲಿನ ತಂತಿಯನ್ನು ಬೆರಳಲ್ಲಿ ನಾಲ್ಕು ಸಲ ಮೀಟಿದರೆ ಎಳೆ ಎದ್ದು ಬೆಕ್ಕಿನ ಬಾಲ ಆಗುತ್ತದೆ.

ಆಮೇಲೆ ರಾಮನಗರದಲ್ಲಿ ನೂಲು ಬಿಚ್ಚುವ ಒಬ್ಬರಿಂದ ನೇರವಾಗಿ ತಂದೆ. ಮಿಶ್ರತಳಿ ಗೂಡಿನ ಹಳದಿ ನೂಲು, 20/22 ಡೆನಿಯರ್ (9,000 ಮೀಟರ್ ಎಳೆಗೆ 20ರಿಂದ 22 ಗ್ರಾಂ). ಗೂಡು ಬೇಯಿಸಿದ ವಾಸನೆ ಇನ್ನೂ ಅಂಟಿಕೊಂಡಿತ್ತು. ಇಂಥ 300 ಎಳೆ ಸೇರಿದರೆ ಮೀಟರ್‌ಗೆ ಸುಮಾರು 0.7 ಗ್ರಾಂ. ಕುದುರೆಯಿಂದ ಮೇಲಿನ ತಡೆವರೆಗೆ ನನ್ನದು 88 ಸೆಂಟಿಮೀಟರ್. ಲೆಕ್ಕ ಸರಿಯಾಗಿತ್ತು, ತಂತಿ ಮಾತ್ರ ಸುಳ್ಳು ಹೇಳುತ್ತಿತ್ತು. ನಡು ಮೆಟ್ಟಿಲಲ್ಲಿ ಒತ್ತಿದರೆ ಮೇಲಿನ ಷಡ್ಜ ಬರಬೇಕು, ಬರುತ್ತಿರಲಿಲ್ಲ. ಒಂದೇ ತಂತಿಯಲ್ಲಿ ಎರಡು ಶ್ರುತಿ ಜಗಳವಾಡಿದ ಹಾಗೆ ಅಲೆ ಅಲೆ. ಬಿರಡೆ ತಿರುಗಿಸಿ ತಿರುಗಿಸಿ ಬೆರಳು ಬೊಬ್ಬೆ ಬಂತು.

ಭೂತಗನ್ನಡಿ ಹಿಡಿದು ನೋಡಿದಾಗ ಗೊತ್ತಾಯ್ತು. ಕೆಲವು ಎಳೆ ಬಿಗಿ, ಕೆಲವು ಸಡಿಲ. ಸಡಿಲ ಇದ್ದವು ಹುರಿ ಹಾಕುವಾಗ ಒಂದು ಕಡೆ ಗುಂಪು ಸೇರಿ ಅಲ್ಲಲ್ಲಿ ದಪ್ಪ ಆಗಿವೆ. ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಇಲ್ಲದಿದ್ದರೆ ಮೆಟ್ಟಿಲು ಎಷ್ಟು ಸರಿಸಿದರೂ ಅಷ್ಟೇ.

ಈಗ ಮಾಡಿದ್ದು ಹೀಗೆ. 100 ಎಳೆಯ ಮೂರು ಕಟ್ಟು. ಪ್ರತಿ ಕಟ್ಟನ್ನೂ ಹತ್ತತ್ತು ಎಳೆಯ ಗುಂಪು ಮಾಡಿ, ಒಂದೊಂದು ಗುಂಪಿನ ತುದಿಗೂ ಒಂದೇ ತೂಕದ ನಟ್ಟು ನೇತು ಹಾಕಿದೆ. ಎಲ್ಲ ಎಳೆಯೂ ಸಮನಾಗಿ ಬಿಗಿಯಾದ ಮೇಲೆ ಗಂಟು. ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ, ಡ್ರಿಲ್ ಮೆಷಿನ್ನಿಗೆ ಕೊಕ್ಕೆ ಸಿಕ್ಕಿಸಿ ನಿಧಾನಕ್ಕೆ ಬಲಕ್ಕೆ ಹುರಿ. ಆಮೇಲೆ ಮೂರನ್ನೂ ಸೇರಿಸಿ ಎಡಕ್ಕೆ ಹುರಿ. ಒದ್ದೆ ಇರುವಾಗಲೇ ಬಾಗಿಲ ಮೇಲಿನ ಕೊಂಡಿಗೆ ಕಟ್ಟಿ ಕೆಳಗೆ ಐದು ಲೀಟರ್ ನೀರಿನ ಕ್ಯಾನ್. ವಾದ್ಯದ ಮೇಲೆ ಬೀಳುವ ಎಳೆತವೂ ಹತ್ತಿರ ಹತ್ತಿರ ಅಷ್ಟೇ. ಒಣಗಿದಾಗ ರೇಷ್ಮೆಯ ಸ್ವಂತ ಅಂಟೇ ಎಳೆಗಳನ್ನು ಹಿಡಿದುಕೊಂಡಿತು. ಬೇರೆ ಗೋಂದು ಬೇಕಾಗಲಿಲ್ಲ. ಆ ಕ್ಯಾನ್ ನೋಡಿ ಅಮ್ಮ, ‘ಇಷ್ಟು ರೇಷ್ಮೆಗೆ ರವಿಕೆ ಕಣನಾದ್ರೂ ಬರ್ತಿತ್ತು’ ಅಂದರು. ಬಿಗಿ ಮಾಡಿ ಮೀಟಿ ತೋರಿಸಿದೆ. ‘ಮೆತ್ತಗಿದೆ’ ಅಂದರು. ನನಗೆ ಅಷ್ಟು ಸಾಕು.

ಮಳೆಗಾಲದಲ್ಲಿ ಏನಾಗುತ್ತೋ ನೋಡಬೇಕು. ಫರ್ಗಾನಾದ ಒಣ ಹವೆ ಬೇರೆ, ನಮ್ಮ ಜಡಿಮಳೆ ಬೇರೆ. ರೇಷ್ಮೆ ತೇವ ಕುಡಿಯುತ್ತದೆ.

ಈ ಮಧ್ಯೆ ತಲೆ ಆಗಲೇ ಸಾತೋ ಕಡೆ ಓಡಿದೆ. ಕಮಾನಿನಲ್ಲಿ ಉಜ್ಜಿ ನುಡಿಸುವ ತಂಬೂರ್ (ಉದ್ದ ದಂಡಿಯ ತಂತಿವಾದ್ಯ) ಅದು. ಮೂಲೆ ಸೇರಿದ್ದ ಅದನ್ನು ಮತ್ತೆ ಕೇಳುವಂತೆ ಮಾಡಿದವರು ತುರ್ಗುನ್ ಅಲಿಮಾತೋವ್ (1922–2008). ಆದರೆ ಅದಕ್ಕೆ ಹಿಪ್ಪುನೇರಳೆಯ ದಪ್ಪ ದಿಮ್ಮಿ ಬೇಕು. ಉಜ್ಬೇಕಿಸ್ತಾನದಲ್ಲಿ ಹೊಲದ ಬದು, ಕಾಲುವೆ ದಂಡೆಯ ಮೇಲೆಲ್ಲ ಮರಗಳಾಗಿಯೇ ಬೆಳೆಸುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಪೊದೆ. ಟಿಂಬರ್ ಅಂಗಡಿಯವನನ್ನು ಕೇಳಿದರೆ ‘ಸೊಪ್ಪು ಬೇಕಾದ್ರೆ ಕೊಡಿಸ್ತೀನಿ’ ಅಂತ ನಕ್ಕ.

ದಿಮ್ಮಿ ಸಿಗದಿದ್ದರೆ ಕತ್ತಾ ಅಶುಲಾ ಇದ್ದೇ ಇದೆ. ಫರ್ಗಾನಾ ಕಡೆಯ ಹಾಡುಗಾರಿಕೆ, ವಾದ್ಯವೇ ಇಲ್ಲ. ಇಬ್ಬರು ಮೂವರು ಗಾಯಕರು, ಅಂದರೆ ಹಾಫಿಜ್‌ಗಳು ಸರದಿ ಮೇಲೆ, ಗಂಟಲು ಪೂರ್ತಿ ತೆರೆದು ಗಜಲ್ ಹಾಡುತ್ತಾರೆ. ಬಾಯಿ ಪಕ್ಕ ಒಂದು ತಟ್ಟೆ ಹಿಡಿದು ದನಿಯನ್ನು ತಿರುಗಿಸುತ್ತಾರೆ. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಸಾಮಾನು ಖರ್ಚು ಒಂದು ತಟ್ಟೆ. ಗಂಟಲು ಎಲ್ಲಿಂದ ತರೋದು ಅನ್ನೋದೊಂದೇ ಸಮಸ್ಯೆ.

ಎರಡನೇ ತಂತಿ ಇನ್ನೂ ಬಾಗಿಲಲ್ಲಿ ನೇತಾಡುತ್ತಿದೆ. ಅದನ್ನು ಮೊದಲನೆಯದಕ್ಕಿಂತ ನಾಲ್ಕು ಸ್ವರ ಕೆಳಗೆ ಕೂರಿಸುವ ಯೋಚನೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಯಾರಾದರೂ ಹಳೇ ಹಿಪ್ಪುನೇರಳೆ ಮರ ಕಡಿಸುತ್ತಿದ್ದರೆ ದಯವಿಟ್ಟು ಸೌದೆ ಮಾಡುವ ಮುಂಚೆ ತಿಳಿಸಿ. ಒಂದಡಿ ದಪ್ಪ ಇದ್ದರೆ ಸಾಕು, ಸಾಗಾಣಿಕೆ ನಾನೇ ನೋಡಿಕೊಳ್ಳುತ್ತೇನೆ.